ಯಜಮಾನರ ಹಗ್ಗ

ನಮ್ಮ ಹಿತ್ತಲಿನ ನೇರಳೆ ಮರದ ಕೊಂಬೆ ಪಕ್ಕದ ಮನೆಯ ಫೋಟೋ ಸ್ಟುಡಿಯೋದ ಮೇಲೆ ಬಿದ್ದದ್ದು ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ. ಆ ಕೊಂಬೆಯ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಮನೆಗೊಂದು ಅಭಿಪ್ರಾಯವಿದೆ. ಸಮಯದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಯಾಕೆಂದರೆ ಅದನ್ನು ನೋಡಿ ಬರೆದುಕೊಂಡವರು ಅಪ್ಪ.

ಅಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಇಪ್ಪತ್ತಾರು ವರ್ಷದಿಂದ ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ಯಾವ ಬಸ್ಸು ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಬಂತು ಎಂದು ಬರೆಯುತ್ತಾರೆ. ಬಸ್ಸು ತಡವಾದರೆ ಅವರು ಮಾಡುವಂಥದ್ದು ಏನೂ ಇಲ್ಲ. ಆದರೂ ತಡವಾದ ಬಸ್ಸಿನಲ್ಲಿ ಬಂದವರ ಮುಂದೆ ತಾವೇ ತಪ್ಪು ಮಾಡಿದವರ ಹಾಗೆ ಎದ್ದು ನಿಲ್ಲುತ್ತಾರಂತೆ. ಮನೆಯಲ್ಲೂ ಅದೇ ಅಭ್ಯಾಸ. ಕುಕ್ಕರ್ ಕೂಗಲಿ, ಬಾಗಿಲು ಬಡಿಯಲಿ, ನಾನು ಸೀನಲಿ, ಸದ್ದಾದ ಕೂಡಲೇ ಎಡಗೈ ತಾನಾಗಿ ಮೇಲೇಳುತ್ತದೆ, ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ಅಂಗಿಯ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಯಾವಾಗಲೂ ಇರುತ್ತದೆ. ನಾನು ಹುಟ್ಟಿದ ಸಮಯ ಆಸ್ಪತ್ರೆಯ ಲೆಕ್ಕಕ್ಕಿಂತ ಅಪ್ಪನ ಲೆಕ್ಕದಲ್ಲಿ ನಾಲ್ಕು ನಿಮಿಷ ಮೊದಲು. ಆಸ್ಪತ್ರೆಯವರು ತಡ ಮಾಡಿ ಬರೆದರು ಎಂಬುದು ಅಪ್ಪನ ದೂರು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಹಿಡಿದವಳು. ನನ್ನ ಮಷಿನ್ ಇರುವುದು ಹಿತ್ತಲ ಕಿಟಕಿಯ ಪಕ್ಕ. ಮಾತು ನನಗೆ ಅಷ್ಟಾಗಿ ಬರುವುದಿಲ್ಲ. ಗಿರಾಕಿಗಳ ಅಳತೆ ತೆಗೆಯುವಾಗಲೂ ಟೇಪು ನನ್ನದು, ಮಾತು ಅಮ್ಮನದು. "ಉಸಿರು ಬಿಡಬೇಕಂತೆ ನೀವು" ಎಂದು ಅಮ್ಮ ಹೇಳಿದ ಮೇಲೆಯೇ ಗಿರಾಕಿ ಉಸಿರು ಬಿಡುವುದು. ದಿನವಿಡೀ ಪೆಡಲು ತುಳಿದು ನನ್ನ ಮಂಡಿ ನೋಯುತ್ತದೆಂದು ಆ ತಿಂಗಳು ಮಷಿನ್ನಿಗೆ ಮೋಟಾರು ಹಾಕಿಸುವುದು ಎಂದು ಅಪ್ಪ ತೀರ್ಮಾನಿಸಿದ್ದರು. ತೀರ್ಮಾನವಾದ ದಿನಾಂಕ, ಸಮಯ ಎರಡೂ ನೋಟ್‌ಬುಕ್ಕಿನಲ್ಲಿದ್ದವು.

ಅಷ್ಟರಲ್ಲಿ ನೇರಳೆ ಹಣ್ಣಾಯಿತು. ನಮ್ಮ ಮರದ ಒಂದು ದಪ್ಪ ಕೊಂಬೆ ಗೋಡೆ ದಾಟಿ ಪಕ್ಕದವರ ಸ್ಟುಡಿಯೋದ ತಗಡಿನ ಮೇಲೆ ಬಾಗಿತ್ತು. ಸ್ಟುಡಿಯೋ ಎಂದರೆ ಅವರ ಮನೆಯ ಹಿಂದಿನ ಒಂದೇ ಕೋಣೆ. ಅಲ್ಲಿ ಒಂದು ಸ್ಟೂಲು, ಒಂದು ನೀಲಿ ಪರದೆ, ಒಂದು ಕನ್ನಡಿ, ದಾರಕ್ಕೆ ಕಟ್ಟಿದ ಒಂದು ಬಾಚಣಿಗೆ. ಫೋಟೋ ತೆಗೆಸಿಕೊಳ್ಳಲು ಬಿಳಿ ಅಂಗಿ ಹಾಕಿಕೊಂಡು ಬಂದವರ ಹೆಗಲ ಮೇಲೆ ಬಾಗಿಲಲ್ಲೇ ನೇರಳೆ ಹಣ್ಣು ಬೀಳುತ್ತಿತ್ತು. ಆ ಕಲೆ ಏಳು ಒಗೆತಕ್ಕೂ ಹೋಗುವುದಲ್ಲ. ಸ್ಟುಡಿಯೋ ಮಾಮ ಮೂರು ಸಲ ಬಂದು ಹೇಳಿದರು. ಅವರು ಸಿಟ್ಟಿನಲ್ಲಿದ್ದರೂ ಎದುರಿಗಿರುವವರ ಗದ್ದ ನೇರ ಇಲ್ಲದಿದ್ದರೆ ಸಹಿಸುವವರಲ್ಲ. "ನಿಮ್ಮ ಮರದಿಂದ ನನ್ನ ವ್ಯಾಪಾರ ಹಾಳಾಯ್ತು, ಸ್ವಲ್ಪ ತಲೆ ಈ ಕಡೆ, ಹಾಂ, ಪೂರ್ತಿ ಹಾಳಾಯ್ತು ಟೈಮ್‌ಕೀಪರ್ರೇ" ಎನ್ನುತ್ತಿದ್ದರು. ಅಪ್ಪ ತಲೆಯನ್ನು ಹೇಳಿದಷ್ಟೇ ಓರೆ ಮಾಡಿಕೊಂಡು ಬೈಸಿಕೊಳ್ಳುತ್ತಿದ್ದರು.

ಕೊನೆಗೆ ಅಪ್ಪ ಪುರಸಭೆಯಿಂದ ಅನುಮತಿ ತಂದರು, ಪರವಾನಗಿ ಇರುವ ಮರ ಕಡಿಯುವ ಮೇಸ್ತ್ರಿಯೊಬ್ಬರನ್ನು ಗೊತ್ತು ಮಾಡಿದರು. ಮೇಸ್ತ್ರಿ ಇಬ್ಬರು ಆಳುಗಳ ಜೊತೆ ಬಂದು ಮರದ ಕೆಳಗೆ ಗರಗಸ, ಕೊಡಲಿ, ಹಗ್ಗ ಎಲ್ಲ ಹರವಿದರು. ಅಪ್ಪ ಡಿಪೋದ ಸೀಟಿ ಕೊರಳಿಗೆ ಹಾಕಿಕೊಂಡು ಹಿತ್ತಲಿಗೆ ಇಳಿದರು.

ತೊಂದರೆ ಶುರುವಾದದ್ದು ಅಲ್ಲಿಂದ. ಡಿಪೋದಲ್ಲಿ ಕೆಟ್ಟುನಿಂತ ಬಸ್ಸಿಗೆ ಹಗ್ಗ ಕಟ್ಟಿ ಇನ್ನೊಂದು ಬಸ್ಸಿನಿಂದ ಎಳೆಯುವುದನ್ನು ಅಪ್ಪ ಕಿಟಕಿಯಿಂದ ನೂರಾರು ಸಲ ನೋಡಿದ್ದಾರೆ. ಹಾಗಾಗಿ ಹಗ್ಗದ ವಿಷಯದಲ್ಲಿ ತಮಗಿಂತ ತಿಳಿದವರಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಹಗ್ಗ ಆ ಕವಲಿಗೆ ಹಾಕಿ ಎಂದರು, ಈ ಕವಲಿಗೆ ಹಾಕಿ ಎಂದರು, ಮರ ಹತ್ತಿದವನಿಗೆ ಕೆಳಗಿನಿಂದ ಸೀಟಿ ಊದಿದರು. ಅವನು ಬೆಚ್ಚಿ ಕಾಲು ಜಾರಿಸಿ ಮತ್ತೆ ಹಿಡಿದುಕೊಂಡ.

ಮೇಸ್ತ್ರಿ ಏನೂ ಬೇಸರ ಮಾಡಿಕೊಳ್ಳಲಿಲ್ಲ. ಒಂದು ಹಳೆಯ ಹಗ್ಗ ತೆಗೆದುಕೊಂಡರು. ಅದರ ಒಂದು ತುದಿಯನ್ನು, ಯಾರೂ ಕಡಿಯದ, ಕಡಿಯುವ ಯೋಚನೆಯೂ ಇಲ್ಲದ ಒಂದು ಕವಲಿನ ಮೇಲಿಂದ ಎಸೆದರು. ಅದು ಕಾಂಡದ ಹಿಂದೆ ಇಳಿಯಿತು. ಅಲ್ಲಿ ನಮ್ಮ ಹಿತ್ತಲ ನಲ್ಲಿ ಇದೆ, ಅದಕ್ಕೆ ಬಿಂದಿಗೆ ಹಿಡಿಯುವವಳು ನಾನೊಬ್ಬಳೇ. ಆ ತುದಿಯನ್ನು ನಲ್ಲಿಗೆ ಕಟ್ಟಿದರು. ಇತ್ತ ಬಂದು ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನಿಗೆ ಒಪ್ಪಿಸಿದರು. "ಸಾರ್, ಇದು ಮುಖ್ಯ. ನಾನು ಹೇಳೋವರೆಗೂ ಬಿಡಬಾರ್ದು. ಮಾತಾಡಿದ್ರೆ ಹಿಡಿತ ತಪ್ಪತ್ತೆ" ಎಂದರು.

ಅಪ್ಪ ಸೀಟಿ ಬಿಟ್ಟರು, ಮಾತು ಬಿಟ್ಟರು, ಕಾಲು ಅಗಲಿಸಿ ನಿಂತು ಹಗ್ಗ ಹಿಡಿದರು. ಅವರು ನಿಂತಲ್ಲಿಗೆ ಹಗ್ಗ ಎಲೆಗಳೊಳಗೆ ಹೋಗುವುದಷ್ಟೇ ಕಾಣುತ್ತಿತ್ತು. ಕಿಟಕಿಯಲ್ಲಿದ್ದ ನನಗೆ ನಲ್ಲಿಯೂ ಕಾಣುತ್ತಿತ್ತು.

ಕೊಂಬೆಯ ನಿಜವಾದ ಹಗ್ಗ ಇದ್ದದ್ದು ಆಚೆ ಬದಿಯಲ್ಲಿ, ಮೇಸ್ತ್ರಿಯ ಆಳಿನ ಕೈಯಲ್ಲಿ. ಆ ಹಗ್ಗವನ್ನು ಕಾಂಡಕ್ಕೆ ಎರಡು ಸುತ್ತು ಹಾಕಿ ಹಿಡಿಯಬೇಕು. ಅವನು ಒಂದೇ ಸುತ್ತು ಹಾಕಿದ್ದ. ಗರಗಸ ಮುಕ್ಕಾಲು ಭಾಗಕ್ಕೆ ಬಂದಾಗ ಕೊಂಬೆ ಲಟ್ ಎಂದಿತು. ಹಗ್ಗ ಸರ್ರೆಂದು ಜಾರಿತು. ತಗಡಿನ ಮೇಲೆ ಕೊಂಬೆ ಬಿದ್ದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಆ ಲಟ್ ಸದ್ದಿಗೆ ಅಪ್ಪನ ಎಡಗೈ ಏನು ಮಾಡಿತು ಎಂದು ಹೇಳಬೇಕಾಗಿಲ್ಲ. ಹಗ್ಗ ಬಿಟ್ಟಿತು, ಮೇಲೆದ್ದಿತು, ಗಡಿಯಾರ ತೋರಿಸಿತು. ಹತ್ತು ಹದಿನೇಳು. ಆಮೇಲೆ ಅಪ್ಪನಿಗೆ ತಾವು ಏನು ಬಿಟ್ಟೆವು ಎಂಬುದು ನೆನಪಾಯಿತು. ಹಗ್ಗವನ್ನು ಮತ್ತೆ ಹಾರಿ ಹಿಡಿದು, ಹಿಂದಕ್ಕೆ ವಾಲಿ, ಹಿಮ್ಮಡಿ ನೆಲಕ್ಕೆ ಊರಿ, ಹಲ್ಲು ಕಚ್ಚಿ ಎಳೆದರು. ಕೊಂಬೆ ಆಗಲೇ ಸ್ಟುಡಿಯೋದೊಳಗೆ ಕಾಲಿಟ್ಟು ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಒರಗಿ ಕೂತಿತ್ತು. ಅಪ್ಪ ಮಾತ್ರ ಅದನ್ನು ಇನ್ನೂ ಬೀಳದಂತೆ ಹಿಡಿದಿದ್ದರು. ಕಾಂಡದ ಹಿಂದೆ ನಮ್ಮ ನಲ್ಲಿ ನಿಧಾನವಾಗಿ ಬಗ್ಗಿತು.

ಸ್ಟುಡಿಯೋ ಮಾಮ ಕ್ಯಾಮೆರಾ ಹಿಡಿದುಕೊಂಡೇ ಹೊರಗೆ ಬಂದರು. ದೇವರ ದಯೆ, ಒಳಗೆ ಗಿರಾಕಿಗಳಿರಲಿಲ್ಲ. ತಗಡು ನೋಡಿದರು, ಅಳುವ ಹಾಗಾದರು, ಆದರೆ ಕೈ ಸುಮ್ಮನಿರಬೇಕಲ್ಲ. ಗೋಡೆ ಹತ್ತಿ ನಿಂತು ಹನ್ನೊಂದು ಫೋಟೋ ತೆಗೆದರು. ಮೇಸ್ತ್ರಿಗೆ ಕೊಂಬೆಯ ಹತ್ತಿರ ಸರಿಯಲು ಹೇಳಿದರು, ಗರಗಸದವನಿಗೆ ನಗಬೇಡ ಎಂದರು, ಅಮ್ಮನಿಗೆ ಸೆರಗು ಸರಿಮಾಡಿಕೊಳ್ಳಲು ಹೇಳಿದರು. ಅಪ್ಪನಿಗೆ ಹೇಳುವುದೇನೂ ಇರಲಿಲ್ಲ. ಹಗ್ಗ ಎಳೆದು ನಿಂತ ಆ ಭಂಗಿ ತುಂಬ ಚೆನ್ನಾಗಿತ್ತು ಎಂದು ಮಾಮ ಆಮೇಲೂ ಹೇಳಿದರು.

ಫೋಟೋ ಮುಗಿದ ಮೇಲೆ ಯಾರ ತಪ್ಪು ಎಂಬ ಮಾತು ಬಂತು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಅಪ್ಪ ಹಗ್ಗದ ಸಮೇತ ಮುಂದೆ ಬಂದರು.

"ನಂದೇ ತಪ್ಪು. ಹತ್ತು ಹದಿನೇಳಕ್ಕೆ ನಾನು ಕೈ ಬಿಟ್ಟೆ."

ಮೇಸ್ತ್ರಿ ಅಪ್ಪನನ್ನು ನೋಡಿದರು, ಹಗ್ಗ ನೋಡಿದರು, ಮರ ನೋಡಿದರು. ಅವರ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಸಂಕೋಚ, ಕೊನೆಗೆ ಒಂದು ಥರದ ನೆಮ್ಮದಿ ಬಂತು. "ಸಾರೇ ಒಪ್ಕೊಂಡ್ಮೇಲೆ ನಾನು ಚಿಕ್ಕವನು, ಏನು ಹೇಳ್ಲಿ" ಎಂದರು. ಅವರಿಗೆ ಅಪ್ಪನಿಗಿಂತ ಹತ್ತು ವರ್ಷ ಹೆಚ್ಚು.

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಸುದ್ದಿ ಬೆಳೆದಿತ್ತು. ಟೈಮ್‌ಕೀಪರ್ ಒಬ್ಬರೇ ಅರ್ಧ ಗಂಟೆ ಕೊಂಬೆ ಹೊತ್ತಿದ್ದರು ಎಂದು ಎದುರುಮನೆಯವರು. ಮರವನ್ನೇ ಬುಡಸಮೇತ ಎಳೆದು ಹಾಕಿದರು ಎಂದು ಮೂಲೆಮನೆಯವರು. ಗಡಿಯಾರ ನೋಡುವ ಚಟದಿಂದ ಮನೆ ಹಾಳಾಗುತ್ತದೆ ಎಂದು ನಾನು ಹೇಳಿರಲಿಲ್ಲವೇ ಎಂದು ಫೋನಿನಲ್ಲಿ ಸೋದರತ್ತೆ. ಅಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು, ನಮ್ಮವರು ಏನು ಮಾಡಿದರೂ ಹೊತ್ತಿಗೆ ಸರಿಯಾಗಿ ಮಾಡುತ್ತಾರೆ ಎಂದು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನ ಕಡೆ ನೋಡದೆ, ತಟ್ಟೆಯ ಅಂಚಿನ ಹತ್ತಿರ ಮಾತಾಡಿದರು. ಮುಂದಿನ ಸೋಮವಾರ ಶಾಲೆಯ ಮುನ್ನೂರು ಮಕ್ಕಳು ಗುರುತಿನ ಚೀಟಿಯ ಫೋಟೋಗೆ ಸ್ಟುಡಿಯೋಗೆ ಬರುತ್ತಾರಂತೆ. ಅಷ್ಟರೊಳಗೆ ಚಾವಣಿಯ ತಗಡು ಸರಿಯಾಗಬೇಕು. "ಮೋಟಾರು ಮುಂದಿನ ವರ್ಷ ನೋಡೋಣ ಮಗಳೇ" ಎಂದರು. ನಾನು ತಲೆಯಾಡಿಸಿದೆ. ನಲ್ಲಿಯ ವಿಷಯ ಹೇಳಿಬಿಡೋಣ ಎನಿಸಿತು. ಆದರೆ ಅಪ್ಪನ ಎರಡೂ ಅಂಗೈಯಲ್ಲಿ ಹಗ್ಗದ ಗುರುತು ಕೆಂಪಗೆ ಎದ್ದಿತ್ತು. ಅಷ್ಟು ಕಷ್ಟಪಟ್ಟು ಹಿಡಿದದ್ದು ನಲ್ಲಿಯನ್ನು ಎಂದು ಹೇಗೆ ಹೇಳುವುದು. ನೀರು ಕುಡಿದು ಎದ್ದೆ.

ವಿಷಯ ಮೋಟಾರಿಗೇ ನಿಂತಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಎರಡನೇ ದಿನ ಪುರಸಭೆಯ ಇನ್‌ಸ್ಪೆಕ್ಟರ್ ಬಂದರು. ಅನುಮತಿ ಪಡೆದು ಕಡಿದ ಮರದಿಂದ ಹಾನಿಯಾದರೆ ಅವರು ಬಂದು ಬರೆದುಕೊಂಡು ಹೋಗುವುದು ನಿಯಮ. ಒಳ್ಳೆಯ ಮನುಷ್ಯ. ಬಿಸಿಲಿನಲ್ಲಿ ಸುತ್ತಿ ಸುತ್ತಿ ಯಾರ ಮನೆಯಲ್ಲಿ ಕುರ್ಚಿ ಕೊಟ್ಟರೂ ಕಣ್ಣು ಮುಚ್ಚುವವರು. ಅವರ ಫಾರಮ್ಮಿನಲ್ಲಿ "ಹಾನಿಗೆ ಕಾರಣ" ಎಂಬುದರ ಮುಂದೆ ಗಾಳಿ, ಮಳೆ, ಪ್ರಾಣಿ, ವಾಹನ, ಕೆಲಸಗಾರರು, ಇತರೆ ಎಂದು ಆರು ಚೌಕಗಳಿದ್ದವು.

"ಗಾಳಿ ಅಂತ ಹಾಕ್ಲಾ" ಎಂದು ಅವರು ಆಕಳಿಸುತ್ತಾ ಕೇಳಿದರು.

ಅಪ್ಪ ಒಪ್ಪಲಿಲ್ಲ. ಅವತ್ತು ಎಲೆಯೂ ಅಲ್ಲಾಡಿರಲಿಲ್ಲ ಎಂದರು. ಮಳೆಯೂ ಇರಲಿಲ್ಲ. ಪ್ರಾಣಿ ಎಂದು ಹಾಕಿದರೆ ನಾಯಿಗಳಿಗೆ ಅನ್ಯಾಯ, ಅವು ಬೊಗಳಿದ್ದು ಬಿದ್ದ ಮೇಲೆ. ಕೆಲಸಗಾರರು ಪಾಪ, ಅವರ ಪಾಡಿಗೆ ಅವರಿದ್ದರು. "ಇತರೆ ಅಂತ ಇದೆಯಲ್ಲ, ಅದು ನಾನು" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

ಇನ್‌ಸ್ಪೆಕ್ಟರ ನಿದ್ದೆ ಹೋಯಿತು. ಪರವಾನಗಿ ಇರುವುದು ಮೇಸ್ತ್ರಿಗೆ. ಮನೆಯವರೇ ಕೆಲಸಕ್ಕೆ ಕೈ ಹಾಕಿದ್ದರೆ ಅದು ಪರವಾನಗಿ ಇಲ್ಲದ ಕೆಲಸ. ಮನೆಯವರು ಸಂಬಳದ ನೌಕರರಾಗಿದ್ದರೆ ಅವರ ಕಚೇರಿಗೂ ಒಂದು ಕಾಗದ ಹೋಗಬೇಕು. ಇಷ್ಟನ್ನು ಅವರು ಬಹಳ ಬೇಜಾರಿನಿಂದ ವಿವರಿಸಿ, ಇನ್ನೊಮ್ಮೆ ಯೋಚಿಸಿ, ಶನಿವಾರ ಬರುತ್ತೇನೆ, ಗಾಳಿ ಬೀಸಿದ್ದು ನೆನಪಾದರೆ ಹೇಳಿ ಎಂದು ಹೋದರು. ಇಪ್ಪತ್ತಾರು ವರ್ಷದಲ್ಲಿ ಅಪ್ಪನ ಹೆಸರಿನ ಮುಂದೆ ಡಿಪೋದಲ್ಲಿ ಒಂದೂ ಕೆಂಪು ಗೆರೆ ಬಿದ್ದಿಲ್ಲ. ಇನ್ನು ಅದು ಬೀಳುವುದು ಒಂದು ಸಹಿಯಷ್ಟು ದೂರದಲ್ಲಿತ್ತು. ಸಹಿ ಮಾಡಲು ಅಪ್ಪ ಪೆನ್ನಿಗೆ ಹೊಸ ರೀಫಿಲ್ಲು ಹಾಕಿದರು.

ಶುಕ್ರವಾರ ಸ್ಟುಡಿಯೋ ಮಾಮ ಫೋಟೋಗಳನ್ನು ತಂದರು. ಮನೆಯಲ್ಲಿ ಎಲ್ಲರೂ ಸುತ್ತ ಕೂತು ನೋಡಿದರು. ಅಮ್ಮ ತನ್ನನ್ನು ನೋಡಿಕೊಂಡು ಈ ಸೀರೆ ಇನ್ನು ಉಡುವುದಿಲ್ಲ ಎಂದಳು. ಮಾಮ ಬೆಳಕು ನೋಡಿ ತಮ್ಮನ್ನು ತಾವೇ ಮೆಚ್ಚಿಕೊಂಡರು. ಅಪ್ಪ ತಮ್ಮ ಮುಖ ನೋಡಿ ನಿಟ್ಟುಸಿರು ಬಿಟ್ಟರು. ಫೋಟೋದಲ್ಲಿ ಯಾರೂ ತಮ್ಮ ಮುಖ ಬಿಟ್ಟು ಬೇರೆ ನೋಡುವುದಿಲ್ಲ ಎಂಬುದು ನನಗೆ ಅವತ್ತು ಗೊತ್ತಾಯಿತು. ಹನ್ನೊಂದರಲ್ಲಿ ನಾನು ಒಂದರಲ್ಲೂ ಇರಲಿಲ್ಲ. ಹಾಗಾಗಿ ಉಳಿದದ್ದನ್ನೆಲ್ಲ ನೋಡಿದೆ. ಏಳನೇ ಫೋಟೋದಲ್ಲಿ, ಗೋಡೆಯ ಮೇಲಿಂದ ಓರೆಯಾಗಿ ತೆಗೆದದ್ದರಲ್ಲಿ, ಎಲ್ಲವೂ ಇತ್ತು. ಅದನ್ನು ಹೊಲಿಯಲು ಬಂದ ಬಟ್ಟೆಯ ಮಡಿಕೆಯೊಳಗೆ ಇಟ್ಟೆ.

ಶನಿವಾರ ಬೆಳಿಗ್ಗೆ ಮೇಸ್ತ್ರಿ ಕೊಂಬೆಯ ಕಟ್ಟಿಗೆ ಒಯ್ಯಲು ಬಂದರು. ಅಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ಹಿತ್ತಲಿಗೆ ಹೋಗಿ ಅವರೆದುರು ನಿಂತೆ. ಫೋಟೋ ಚಾಚಿದೆ.

ಅವರೂ ಮೊದಲು ತಮ್ಮ ಮುಖವನ್ನೇ ನೋಡಿದರು. "ಹೊಟ್ಟೆ ಬಂದುಬಿಟ್ಟಿದೆ" ಎಂದರು.

ನಾನು ಅಪ್ಪನ ಕೈಯ ಮೇಲೆ ಬೆರಳಿಟ್ಟೆ. ಹಗ್ಗದ ಜೊತೆಗೇ ಬೆರಳನ್ನು ಮೇಲೆ ಒಯ್ದೆ, ಕವಲು ದಾಟಿಸಿದೆ, ಕಾಂಡದ ಹಿಂದೆ ಇಳಿಸಿದೆ, ನಲ್ಲಿಯ ಮೇಲೆ ನಿಲ್ಲಿಸಿದೆ. ಮೇಸ್ತ್ರಿ ಫೋಟೋ ಬಿಟ್ಟು ನಿಜವಾದ ನಲ್ಲಿ ನೋಡಿದರು. ಅದು ತಲೆ ತಗ್ಗಿಸಿ ಒಂದೊಂದೇ ಹನಿ ಬಿಡುತ್ತಿತ್ತು. ಅವರು ಕಟ್ಟಿಗೆಯ ಮೇಲೆ ಕೂತುಬಿಟ್ಟರು.

"ಇದು ಯಜಮಾನರ ಹಗ್ಗ ಕಣಮ್ಮ" ಎಂದರು. "ನಮ್ಮಪ್ಪ ಕಲಿಸಿದ್ದು. ಪ್ರತಿ ಮನೇಲೂ ಒಬ್ರು ಇರ್ತಾರೆ, ಹಿಂಗೆ ಕಡಿ ಹಂಗೆ ಕಡಿ ಅನ್ನೋರು. ಒಂದು ಹಗ್ಗ ಕೊಟ್ರೆ ಅವರೂ ಖುಷಿ, ನಾವೂ ಖುಷಿ. ನಲವತ್ತು ವರ್ಷ ಆಯ್ತು. ಎಲ್ಲಾ ಸುಮ್ನೆ ಹಿಡ್ಕೊಂಡು ನಿಲ್ಲೋರೇ. ಇಷ್ಟು ನಿಯತ್ತಾಗಿ ಎಳೆದೋರು ನಿಮ್ಮಪ್ಪ ಒಬ್ರೇ."

ಒಂದು ಸುತ್ತು ಹಾಕಿದ ಆಳಿನ ವಿಷಯವನ್ನೂ ತಾವಾಗಿಯೇ ಹೇಳಿದರು. ನಾಲ್ಕು ದಿನದಿಂದ ಊಟ ರುಚಿಸಿಲ್ಲ ಎಂದರು. ಇವತ್ತೇ ಇನ್‌ಸ್ಪೆಕ್ಟರಿಗೆ ಹೇಳಿ, ತಗಡು ತಾವೇ ಹಾಕಿಸಿಕೊಟ್ಟು, ಸಾರ್ ಹತ್ತಿರ ಹಗ್ಗದ ಗುಟ್ಟು ಹೇಳಿ ಕಾಲು ಹಿಡಿಯುತ್ತೇನೆ ಎಂದು ಎದ್ದರು. ಮೊದಲ ಎರಡಕ್ಕೆ ನಾನು ತಲೆಯಾಡಿಸಿದೆ. ಮೂರನೆಯದಕ್ಕೆ ಬಾಯಿ ಬಿಡಲೇಬೇಕಾಯಿತು.

"ಹಗ್ಗದ ವಿಷಯ ಬೇಡ. ಅಪ್ಪಂಗೆ ಗೊತ್ತಾಗಬಾರ್ದು."

ಇನ್‌ಸ್ಪೆಕ್ಟರ್ ಬಂದರು. ಸ್ಟುಡಿಯೋ ಮಾಮ ಬಂದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಸ ರೀಫಿಲ್ಲಿನ ಪೆನ್ನು ಹಿಡಿದು ಸಿದ್ಧರಾಗಿದ್ದರು. ಮೇಸ್ತ್ರಿ ಕೈ ಕಟ್ಟಿ ನಿಂತು, ತಪ್ಪು ತಮ್ಮ ಆಳಿನದು, ಎರಡು ಸುತ್ತಿನ ಜಾಗದಲ್ಲಿ ಒಂದು ಸುತ್ತು ಹಾಕಿದ್ದ ಎಂದರು. ಎಲ್ಲ ಸಲೀಸಾಗಿ ಮುಗಿಯಬೇಕಿತ್ತು. ಆದರೆ ಅಪ್ಪ ಬಿಡಬೇಕಲ್ಲ. ಬಡವರ ಮೇಲೆ ತಪ್ಪು ಹೊರಿಸಲು ನಾನು ಬಿಡುವುದಿಲ್ಲ ಎಂದರು. ನಂದು ಎಂದು ಮೇಸ್ತ್ರಿ, ಇಲ್ಲ ನಂದು ಎಂದು ಅಪ್ಪ. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಜಗಳ ನೋಡಿಲ್ಲ ಎಂದು ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಸ್ಟುಡಿಯೋ ಮಾಮ, ಯಾರಾದರೂ ಆಗಲಿ, ಸೋಮವಾರದೊಳಗೆ ಆಗಲಿ ಎಂದರು. ಅಷ್ಟು ಹೇಳಿ ಅಪ್ಪನ ಕಾಲರು ಸರಿಮಾಡಿದರು.

ಮೇಸ್ತ್ರಿ ನನ್ನ ಕಡೆ ಒಮ್ಮೆ ನೋಡಿ, ಅಪ್ಪನ ಎದುರಿಗೆ ಬಂದು ನಿಂತರು.

"ಸಾರ್, ಒಂದು ಮಾತು. ನನ್ನ ಆಳು ಬಿಟ್ಟ ಮೇಲೂ ನೀವು ಹಿಡ್ಕೊಂಡೇ ಇದ್ರಿ. ಹೌದೋ ಅಲ್ವೋ?"

ಅಪ್ಪ ಯೋಚಿಸಿದರು. "ಒಂದು ಕ್ಷಣ ಬಿಟ್ಟೆ. ಆಮೇಲೆ ಹಿಡಿದೆ."

"ಆಮೇಲೆ ಹಿಡಿದ್ರಲ್ಲ. ಆಮೇಲೆ ಏನಾದ್ರೂ ಬಿತ್ತಾ?"

ಬಿದ್ದಿರಲಿಲ್ಲ. ಬೀಳುವುದಕ್ಕೆ ಏನೂ ಉಳಿದಿರಲಿಲ್ಲ, ಆದರೆ ಪ್ರಶ್ನೆಗೆ ಉತ್ತರ ಅದೇ. ಅಪ್ಪ ನಿಧಾನವಾಗಿ, ಇಲ್ಲ, ಏನೂ ಬೀಳಲಿಲ್ಲ ಎಂದರು. ಹಾಗೆ ಹೇಳುತ್ತಾ ಅವರ ಬೆನ್ನು ನೇರವಾಯಿತು. ಸ್ಟುಡಿಯೋ ಮಾಮ, ಹಾಗಾದರೆ ಇಡೀ ಸ್ಟುಡಿಯೋ ಉಳಿದದ್ದು ಇವರಿಂದಲೇ ಎಂದು ಅಪ್ಪನ ಕೈ ಹಿಡಿದು ಕುಲುಕಿದರು. ಇನ್‌ಸ್ಪೆಕ್ಟರ್ ತಡಮಾಡದೆ "ಕೆಲಸಗಾರರು" ಚೌಕದಲ್ಲಿ ಗುರುತು ಹಾಕಿ ಮೇಸ್ತ್ರಿಯ ಸಹಿ ತೆಗೆದುಕೊಂಡರು. ಸಹಿ ಹಾಕಲು ಅಪ್ಪನ ಪೆನ್ನನ್ನೇ ಕೇಳಿ ಪಡೆದರು. ಭಾನುವಾರ ತಗಡು ಹಾಕಿಸುವುದು ಎಂದು ಮಾತಾಯಿತು. ಅಮ್ಮ ಎಲ್ಲರಿಗೂ ಕಾಫಿ ತಂದಳು.

ಕಾಫಿ ಕುಡಿದ ಇನ್‌ಸ್ಪೆಕ್ಟರ್ ಕೈ ತೊಳೆಯಲು ಮರದ ಹಿಂದೆ ಹೋದರು. ನಲ್ಲಿ ತಿರುಗಿಸಿದರು. ಅದು ಪೂರ್ತಿ ಅಡ್ಡಡ್ಡ ಮಲಗಿ ಅವರ ಪ್ಯಾಂಟಿಗೆ ನೀರು ಎರಚಿತು.

"ಈ ನಲ್ಲಿ ಯಾಕ್ರೀ ಹೀಗೆ ಬಗ್ಗಿದೆ?"

ಎಲ್ಲರೂ ಹಿಂದೆ ಹೋಗಿ ನಿಂತೆವು. ಮೇಸ್ತ್ರಿ ಆಕಾಶ ನೋಡಿದರು. ಅಪ್ಪ ನಲ್ಲಿಯ ಕತ್ತಿನ ಸುತ್ತ ಉಜ್ಜಿದ ಗುರುತು ನೋಡಿದರು. ಅಂಥದೇ ಗುರುತು ಅವರ ಅಂಗೈಯಲ್ಲಿ ಇನ್ನೂ ಇತ್ತು. ಅವರ ಕಣ್ಣು ನಲ್ಲಿಯಿಂದ ಕಾಂಡಕ್ಕೆ ಹೋಯಿತು, ಕಾಂಡದಿಂದ ಮೇಲೆ ಹತ್ತತೊಡಗಿತು. ಇನ್ನು ಎರಡು ಮೊಳ ಹತ್ತಿದರೆ ಕವಲು.

"ನಾನಪ್ಪ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು. ಅಮ್ಮ ನನ್ನ ಪರವಾಗಿ ಮಾತಾಡಲು ಬಾಯಿ ತೆರೆದವಳು, ಏನು ಹೇಳಬೇಕೆಂದು ತಿಳಿಯದೆ ಹಾಗೇ ಮುಚ್ಚಿದಳು.

"ಬಿಂದಿಗೆ ಸಿಕ್ಕಿಹಾಕ್ಕೊಂಡಿತ್ತು. ಜೋರಾಗಿ ಎಳೆದೆ. ಬಗ್ಗಿಹೋಯ್ತು."

ಅಪ್ಪ ನನ್ನನ್ನು ನೋಡಿದರು. ನನ್ನ ಕೈ ನೋಡಿದರು. ಹೊಲಿಗೆಯವಳ ಕೈ, ಸೂಜಿ ಚುಚ್ಚಿದ್ದು ಬಿಟ್ಟರೆ ಬೇರೆ ಗುರುತಿಲ್ಲ. ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದರು.

"ಎಷ್ಟು ಗಂಟೆಗೆ?"

ಅದನ್ನು ನಾನು ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ನಾನು ಅವತ್ತು ಹೇಳಿದ್ದರಲ್ಲಿ ನಿಜ ಎಂದರೆ ಅದೊಂದೇ.

"ಕೊಂಬೆ ಬಿದ್ದ ದಿನ. ಹತ್ತು ಹದಿನೆಂಟಕ್ಕೆ."

ಅಪ್ಪ ನೋಟ್‌ಬುಕ್ಕಿನಲ್ಲಿ ಹತ್ತು ಹದಿನೇಳು ಎಂದು ಬರೆದಿದ್ದ ಪುಟ ತೆರೆದರು. ನಲ್ಲಿಯಿಂದ ನೀರು ಹರಿಯುತ್ತಿತ್ತು. ಮರದ ಮೇಲೆ ಅವರು ಇನ್ನೊಮ್ಮೆ ಕಣ್ಣು ಹಾಯಿಸಲಿಲ್ಲ.

"ತಪ್ಪು ಒಪ್ಕೊಂಡ್ಯಲ್ಲ, ಸಾಕು" ಎಂದರು. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ, "ಈ ವಿಷಯದಲ್ಲಿ ನನ್ನ ಮಗಳು ನನ್ನ ಹಾಗೇ" ಎಂದು ಹೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.